ಗೂಡುದೀಪವನ್ನು ಈ ಬಾರಿ ಮನೆಯಲ್ಲೇ ಕಟ್ಟಿರಿ

ಮುಂಬಯಿಯ ಮಾಹಿಮಿನ ಕಂದೀಲ್ ಗಲ್ಲಿಯಲ್ಲಿ ದೀಪಾವಳಿಯ ಸಿದ್ಧ ಕಂದೀಲುಗಳು (ತೂಗುದೀಪದ ಗೂಡುಗಳು) ಬೇಕಾದಷ್ಟು ಸಿಗುತ್ತವೆಯಾದರೂ, ದೀಪಾವಳಿಗೆ ಮೊದಲಿನ ಒಂದು ಭಾನುವಾರ ಮಕ್ಕಳೊಂದಿಗೆ ಕುಳಿತು ನಮ್ಮೂರಿನ ಗೂಡುದೀಪವನ್ನು ಕಟ್ಟಿರೆಂದು ಕೇಳಿಕೊಳ್ಳುತ್ತೇನೆ. ಒಂದೊಂದು ಅಡಿಯ 12 ಬಿದಿರು ಕಡ್ಡಿಗಳು ಸಾಕು: 4 ಕಡ್ಡಿಗಳಿಂದ ಚೌಕ ಕಟ್ಟಿ, ಅದರ ಮೂಲೆಗಳಿಂದ ಮೇಲಕ್ಕೆ 4, ಕೆಳಕ್ಕೆ 4 ಕಡ್ಡಿಗಳನ್ನು ಎಬ್ಬಿಸಿ ತುದಿಗಳನ್ನು ಕೂಡಿಸಿದರೆ 8 ತ್ರಿಕೋನಗಳ ಗೂಡು ನಿಲ್ಲುತ್ತದೆ. ಅಂಟಿಗೆ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಹಸಿ ಬಿಳುಪು ಹೋಗಿ ಹೊಳಪು ಬರುವವರೆಗೆ ಕುದಿಸಬೇಕು. ಇದನ್ನು ತೆಳುವಾಗಿ ಹಚ್ಚಿ ಗಾಳಿಪಟದ ಕಾಗದವನ್ನು ಎಳೆದು ಅಂಟಿಸಿದರೆ, ಒಣಗಿದ ಮೇಲೆ ಬೆರಳಿನಿಂದ ತಟ್ಟಿದಾಗ ಪುಟ್ಟ ತಮಟೆಯಂತೆ ಸದ್ದು ಬರುತ್ತದೆ. ನಮ್ಮ ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಬಾಲಂಗೋಚಿ ಕತ್ತರಿಸುವ ಕೆಲಸವನ್ನು ಅಜ್ಜಿಗೆ ಬಿಡಿ. ಮೇಲಿನ ಒಂದು ತ್ರಿಕೋನವನ್ನು ತೆರೆದಿಟ್ಟು ಎಲ್‌ಇಡಿ ಬಲ್ಬನ್ನೇ ಇಳಿಬಿಡಿ. ಗಾಳಿ ಬೀಸುವ ಗ್ಯಾಲರಿಯಲ್ಲಿ ಮೇಣದಬತ್ತಿ ಖಂಡಿತ ಬೇಡ.