ಹಳೆಯ ಲಾರಿಯ ಡೀಸೆಲ್ ಟ್ಯಾಂಕಿಗೆ ಕನ್ವೇಯರ್ ಬೆಲ್ಟಿನ ಹಾಸು: ನನ್ನ ಅನುಭವ

ಹಳೆಯ ಲಾರಿಯ ಡೀಸೆಲ್ ಟ್ಯಾಂಕು ಸೋರಲಾರಂಭಿಸಿದರೆ ಹೆಚ್ಚಿನವರು ತಗಡು ಸವೆದಿದೆ ಎಂದು ತೀರ್ಮಾನಿಸಿ ಹೊಸ ಟ್ಯಾಂಕಿನ ಲೆಕ್ಕ ಹಾಕುತ್ತಾರೆ. ನನ್ನ ಕೈಗೆ ಬಂದ ಟ್ಯಾಂಕುಗಳಲ್ಲಿ ಬಹುಪಾಲು ತೂತುಬಿದ್ದದ್ದು ಚಾಸಿಗೆ ಬಿಗಿದ ಬ್ರಾಕೆಟ್ಟಿನ ಮೇಲೆ ಕೂರುವ ಜಾಗದಲ್ಲಿ, ಇಲ್ಲವೇ ಟ್ಯಾಂಕನ್ನು ಬಿಗಿದಿಡುವ ಪಟ್ಟಿಯ ಅಡಿಯಲ್ಲಿ. ಗಾಳಿಗೆ ತೆರೆದುಕೊಂಡಿದ್ದ ಉಳಿದ ತಗಡು ಬಣ್ಣ ಮಾಸಿದ್ದರೂ ಗಟ್ಟಿಯಾಗಿಯೇ ಇತ್ತು. ಟ್ಯಾಂಕನ್ನು ಹಾಳುಮಾಡುತ್ತಿರುವುದು ಅದರ ಕೆಳಗೆ ನಾವೇ ಇಡುವ ಹಾಸು ಎಂದು ನಾನು ಹೇಳಿ, ಬದಲಿಗೆ ಕನ್ವೇಯರ್ ಬೆಲ್ಟಿನ (ಸರಕು ಸಾಗಿಸುವ ಯಂತ್ರದ ದಪ್ಪ ರಬ್ಬರು ಪಟ್ಟಿ) ತುಂಡು ಹಾಕೋಣ ಎಂದಾಗ ಜೊತೆಯ ಮೆಕ್ಯಾನಿಕರು ಒಪ್ಪಲಿಲ್ಲ. ಹಾಸು ಮೆತ್ತಗಿದ್ದಷ್ಟೂ ಒಳ್ಳೆಯದು, ಗಟ್ಟಿ ಬೆಲ್ಟಿನ ಮೇಲೆ ಕೂರಿಸಿದರೆ ಬೆಸುಗೆ ಬಿಡುತ್ತದೆ ಎಂಬುದು ಅವರ ವಾದವಾಗಿತ್ತು. ನಾನು ಬೆಲ್ಟಿನ ಮೇಲೆ ಕೂರಿಸಿದ ಟ್ಯಾಂಕುಗಳು ಹಲವು ಮಳೆಗಾಲಗಳನ್ನು ಕಂಡಿವೆ, ಒಂದೂ ಆ ಜಾಗದಲ್ಲಿ ಸೋರಿಲ್ಲ. ಅಂದು ವಾದಿಸಿದವರಲ್ಲಿ ಕೆಲವರು ಇಂದು ಅದೇ ಬೆಲ್ಟಿನ ತುಂಡು ಕೇಳಿಕೊಂಡು ಬರುತ್ತಾರೆ.

ಮೊದಲು ಸೋತ ಸಾಮಗ್ರಿಗಳ ವಿಷಯ ಹೇಳುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲೇ. ಗೋಣಿತಾಟು ಮತ್ತು ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಹಾಕಿದ ದಿನ ಬಹಳ ಚೆನ್ನಾಗಿ ಕೂರುತ್ತವೆ, ಸದ್ದೂ ಇರುವುದಿಲ್ಲ. ಆದರೆ ಚಕ್ರ ಎರಚುವ ನೀರನ್ನೆಲ್ಲ ಅವು ಹೀರಿಕೊಂಡು, ಹೊರಗೆ ರಸ್ತೆ ಒಣಗಿ ವಾರ ಕಳೆದರೂ ತಗಡಿಗೆ ಒದ್ದೆಯನ್ನು ಒತ್ತಿ ಹಿಡಿದಿರುತ್ತವೆ. ಅಂಥ ಒಂದು ಟ್ಯಾಂಕನ್ನು ಇಳಿಸಿದಾಗ ಫೆಲ್ಟಿನ ಜೊತೆಯಲ್ಲಿ ತುಕ್ಕು ಹಪ್ಪಳದಂತೆ ಎದ್ದು ಬಂದಿತು, ಅದರ ಹಿಂದೆ ಸೂಜಿಮೊನೆಯಷ್ಟು ತೂತುಗಳು ಸಾಲಾಗಿದ್ದವು. ಚರ್ಮದ ತುಂಡುಗಳೂ ಇದೇ ದಾರಿ ಹಿಡಿದವು. ಹಳೆಯ ಟ್ಯೂಬ್ ನೀರು ಹೀರುವುದಿಲ್ಲ ಎಂಬುದು ನಿಜ, ಆದರೆ ಡೀಸೆಲ್ ತುಂಬಿಸುವಾಗ ಚೆಲ್ಲಿ ಹರಿದುಬರುವುದು ಅದರ ಮೇಲೆಯೇ. ಟ್ಯೂಬಿನ ಪಟ್ಟಿಯೊಂದನ್ನು ಡೀಸೆಲ್ ತುಂಬಿದ ಬಾಟಲಿಯಲ್ಲಿ ವಾರದ ಮಟ್ಟಿಗೆ ಮುಳುಗಿಸಿಟ್ಟು ನೋಡಿದೆ. ಉದ್ದದಲ್ಲೇ ಹೆಚ್ಚುಕಡಿಮೆ ಕಾಲುಭಾಗ ಬೆಳೆದು, ಉಗುರಿನಿಂದ ಕೆರೆದರೆ ಕಿತ್ತು ಬರುವಷ್ಟು ಜೊಳ್ಳಾಗಿತ್ತು. ಇಂಥ ರಬ್ಬರು ಪಟ್ಟಿಯ ಅಡಿಯಿಂದ ಹಿಸುಕಿಕೊಂಡು ಹೊರಬಂದಾಗ ಪಟ್ಟಿ ಸಡಿಲವಾಗುತ್ತದೆ, ಸಡಿಲವಾದ ಟ್ಯಾಂಕು ಬ್ರಾಕೆಟ್ಟಿನ ಅಂಚಿಗೆ ಉಜ್ಜಿಕೊಳ್ಳುತ್ತದೆ.

ಟೈರಿನ ತುಂಡಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ರೇಡಿಯಲ್ ಲಾರಿ ಟೈರಿನ ಒಡಲಲ್ಲಿ ಉಕ್ಕಿನ ತಂತಿ ಇರುತ್ತದೆ, ಕತ್ತರಿಸಿದ ಅಂಚಿನಿಂದ ಅದು ಹೊರಬಂದು ತಗಡನ್ನು ಗೀರುತ್ತದೆ. ನೈಲಾನ್ ಟೈರಿನ ಪಕ್ಕದ ಗೋಡೆಯಾದರೆ ತಂತಿಯ ಭಯವಿಲ್ಲ, ಆದರೆ ಅದರ ಬಾಗನ್ನು ಸಮಮಾಡುವುದು ಕಷ್ಟ. ಚೌಕ ಟ್ಯಾಂಕಿನ ಕೆಳಗೆ ಅದು ಎರಡು ತುದಿಗಳಲ್ಲಷ್ಟೇ ಭಾರ ಹೊರುತ್ತದೆ.

ಭಾರದ ಲೆಕ್ಕ ಹಾಕಿದರೆ ಮೆತ್ತಗಿನ ಹಾಸು ಏಕೆ ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. ಡೀಸೆಲ್ ಲೀಟರಿಗೆ ಸುಮಾರು 0.84 ಕೆ.ಜಿ. ತೂಗುವುದರಿಂದ 200 ಲೀಟರಿನ ಟ್ಯಾಂಕು ತುಂಬಿದಾಗ ಎಣ್ಣೆಯೊಂದೇ 170 ಕೆ.ಜಿ. ಆಸುಪಾಸಿನಲ್ಲಿರುತ್ತದೆ, ಅದನ್ನು ಹೊರುವುದು ಎರಡು ಬ್ರಾಕೆಟ್ಟುಗಳು ಮಾತ್ರ. ಸ್ಪಂಜು, ಫೋಮ್ ಇವೆಲ್ಲ ಕೆಲವೇ ದಿನಗಳಲ್ಲಿ ಚಪ್ಪಟೆಯಾಗಿ ಮತ್ತೆ ಮೇಲೇಳುವುದಿಲ್ಲ. ಹಾಸಿನ ಕೆಲಸ ಲೋಹಕ್ಕೆ ಲೋಹ ತಾಗದಂತೆ ನೋಡಿಕೊಂಡು ಭಾರವನ್ನು ಹರಡುವುದು. ರಸ್ತೆಯ ಕುಲುಕಾಟವನ್ನು ತಡೆಯಲು ಸ್ಪ್ರಿಂಗು ಪಾಟಾಗಳಿವೆ.

ಗುಜರಿಗೆ ಬಂದ ಕನ್ವೇಯರ್ ಬೆಲ್ಟು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ, ಆದರೆ ಎಲ್ಲ ಬೆಲ್ಟೂ ಅಲ್ಲ. ಕಲ್ಲು, ಮಣ್ಣು ಸಾಗಿಸುವ ಸಾಧಾರಣ ಬೆಲ್ಟಿನ ಮೇಲ್ಪದರವೂ ಡೀಸೆಲ್ ಕುಡಿಯುತ್ತದೆ; ಒಳಗಿನ ಬಟ್ಟೆ ಉದ್ದಕ್ಕೆ ಬೆಳೆಯಲು ಬಿಡದಿರುವುದರಿಂದ ಅದು ದಪ್ಪವಾಗಿ ಉಬ್ಬಿ ಅಂಚು ಸುರುಳಿಕೊಳ್ಳುತ್ತದೆ. ಎಣ್ಣೆ ಅಂಶವಿರುವ ಸರಕಿಗೆಂದು ಮಾಡುವ ನೈಟ್ರೈಲ್ ರಬ್ಬರಿನ ಬೆಲ್ಟನ್ನೇ ಹುಡುಕಬೇಕು. ಗುಜರಿಯಲ್ಲಿ ಅದಕ್ಕೆ ಚೀಟಿ ಅಂಟಿಸಿರುವುದಿಲ್ಲವಾದ್ದರಿಂದ ಬೆರಳಗಲದ ತುಂಡು ತಂದು ಬಾಟಲಿಯ ಪರೀಕ್ಷೆ ಮಾಡಿ, ವರ್ನಿಯರ್ ಅಳತೆಗೋಲಿನಲ್ಲಿ ದಪ್ಪ ಅಳೆದ ಮೇಲೆಯೇ ಉಳಿದದ್ದನ್ನು ಕೊಳ್ಳುತ್ತೇನೆ. ನನಗೆ ಸಿಕ್ಕ ಒಳ್ಳೆಯ ತುಂಡು 10 ಮಿ.ಮೀ.ಗೆ ತುಸು ಕಡಿಮೆ ಇತ್ತು, ಮುಳುಗಿಸಿ ತೆಗೆದ ಮೇಲೂ ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ. ಖರ್ಚು ಹೊಸ ಟ್ಯಾಂಕಿನ ಬೆಲೆಯಲ್ಲಿ ಇಪ್ಪತ್ತನೇ ಒಂದು ಪಾಲನ್ನೂ ಮುಟ್ಟಲಿಲ್ಲ. ಟ್ಯಾಂಕು ಇಳಿಸಿ, ಆವಿ ಹೋಗುವಂತೆ ತೊಳೆದು, ಬೆಸುಗೆ ಹಾಕಿಸುವ ಕೂಲಿ ಮತ್ತು ಲಾರಿ ನಿಂತ ದಿನಗಳ ಬಾಡಿಗೆ ಉಳಿದದ್ದು ಬೇರೆ.

ಹಾಸನ್ನು ಬ್ರಾಕೆಟ್ಟಿಗಿಂತ ಎರಡೂ ಕಡೆ ಅರ್ಧ ಬೆರಳಿನಷ್ಟು ಹೊರಚಾಚಿ ಕತ್ತರಿಸುತ್ತೇನೆ, ಇದರಿಂದ ಬ್ರಾಕೆಟ್ಟಿನ ಚೂಪು ಅಂಚು ತಗಡಿಗೆ ತಾಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಬೆಲ್ಟಿನ ಬಟ್ಟೆ ಬಿಚ್ಚಿಕೊಂಡಿರುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ನೀರು ಬತ್ತಿಯಲ್ಲಿ ಏರುವಂತೆ ಒಳಸೇರುವುದರಿಂದ ಅಂಚುಗಳನ್ನು ಮುಚ್ಚಲೇಬೇಕು. ಯಾವುದರಿಂದ ಮುಚ್ಚುತ್ತೇನೆ ಎಂಬುದನ್ನು ನಾನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ಟ್ಯೂಬ್ ಪಂಕ್ಚರ್ ಹಾಕುವ ಸೊಲ್ಯೂಷನ್ ಡೀಸೆಲ್ ತಾಗಿದರೆ ನಿಲ್ಲುವುದಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ. ನೀರು ಇಳಿದುಹೋಗಲು ಬೆಲ್ಟಿನ ಮೇಲ್ಮೈಯಲ್ಲಿ ಅಡ್ಡ ತೋಡುಗಳನ್ನು ಕೊರೆಯುವುದು ಮುಖ್ಯ. ತಗಡನ್ನು ಬಿಳುಪಾಗುವವರೆಗೆ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಪೂರ್ತಿ ಒಣಗಿದ ಮೇಲೆಯೇ, ಟ್ಯಾಂಕಿನ ಬೆಸುಗೆಯ ಗೆರೆ ಬ್ರಾಕೆಟ್ಟಿನ ಮೇಲೆ ಬಾರದಂತೆ ಕೂರಿಸಿ ಪಟ್ಟಿ ಬಿಗಿಯುತ್ತೇನೆ.

ಪಟ್ಟಿಯ ಅಡಿಗೆ ಇದೇ ಬೆಲ್ಟು ದಪ್ಪವಾಗುತ್ತದೆ, ದುಂಡು ಟ್ಯಾಂಕಿನ ಮೇಲೆ ಬಾಗುವುದಿಲ್ಲ. ಅಲ್ಲಿಗೆ ಅಗ್ನಿಶಾಮಕದ ಹಳೆಯ ಹೋಸ್ ಪೈಪನ್ನು ಉದ್ದಕ್ಕೆ ಸೀಳಿ ಹಾಕಿ ನೋಡಿದೆ. ಬಾಗುವಿಕೆ ಅತ್ಯುತ್ತಮವಾಗಿತ್ತು, ಆದರೆ ಹೊರಗಿನ ನೇಯ್ಗೆ ನೀರು ಹಿಡಿಯಿತು. ಒಳಗೂ ಹೊರಗೂ ರಬ್ಬರು ಇರುವ ಬಗೆಯ ಪೈಪು ಸಿಕ್ಕ ಮೇಲೆ ಆ ತೊಂದರೆ ತೀರಿತು. ಬೆಲ್ಟಿನ ಪದರಗಳನ್ನು ಬಿಡಿಸಿ ಎರಡು ಮೂರು ಮಿ.ಮೀ. ಪಟ್ಟಿ ಮಾಡುವ ಇನ್ನೊಂದು ಪ್ರಯೋಗವೂ ನಡೆದಿದೆ, ಕೈ ನೋಯುತ್ತದೆ ಆದರೆ ಕೆಲಸ ಗಟ್ಟಿ.

ಬಿಗಿತದ ವಿಷಯದಲ್ಲಿ ಒಂದೇ ನಿಯಮ: ಎಷ್ಟು ಗಟ್ಟಿ ಬೆಲ್ಟಾದರೂ ಮೊದಲ ಓಡಾಟದಲ್ಲಿ ಸ್ವಲ್ಪ ಕೂರುತ್ತದೆ, ಆದ್ದರಿಂದ ಸುಮಾರು 500 ಕಿ.ಮೀ. ಆದ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ಬಿಗಿದು ಚೆಕ್ ನಟ್ಟು (ಮೊದಲ ನಟ್ಟು ಸಡಿಲವಾಗದಂತೆ ತಡೆಯುವ ಎರಡನೇ ನಟ್ಟು) ಹಾಕಬೇಕು. ರಬ್ಬರು ಹಾಸಿದ ಮೇಲೆ ಟ್ಯಾಂಕಿಗೂ ಚಾಸಿಗೂ ಇರುವ ವಿದ್ಯುತ್ ಸಂಪರ್ಕ ತಪ್ಪುವುದರಿಂದ ಅರ್ತಿಂಗ್ ವೈರನ್ನು ಪ್ರತ್ಯೇಕವಾಗಿ ಕೊಡಬೇಕು, ಇಲ್ಲವಾದರೆ ಟ್ಯಾಂಕಿನಲ್ಲಿರುವ ಗೇಜಿನ ಯೂನಿಟ್ಟು ಟ್ಯಾಂಕಿನ ಮೂಲಕವೇ ಅರ್ತ್ ಪಡೆಯುವ ಹಳೆಯ ಗಾಡಿಗಳಲ್ಲಿ ಡೀಸೆಲ್ ಮುಳ್ಳು ಸುಳ್ಳು ತೋರಿಸುತ್ತದೆ.