ರಕ್ತ ತೆಳುವಾಗುವ ಮಾತ್ರೆ ಮತ್ತು ಮದ್ಯ: ಇಂಗ್ಲೆಂಡಿಗೆ ಬರುವ ಕೊಡಗಿನವರಿಗೆ

ಹೃದಯದ ಕವಾಟ ಬದಲಾಯಿಸಿಕೊಂಡೋ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿಯೋ ಮಡಿಕೇರಿಯಲ್ಲಿ ಅಥವಾ ಮೈಸೂರಿನಲ್ಲಿ ರಕ್ತ ತೆಳುವಾಗುವ ಮಾತ್ರೆ ಆರಂಭಿಸಿದವರು ಇಂಗ್ಲೆಂಡಿಗೆ ಬಂದು ನೆಲೆಸಿದಾಗ ಮಾತ್ರೆಯೇ ಬದಲಾಗುವುದುಂಟು. ನಮ್ಮಲ್ಲಿ ಅನೇಕರಿಗೆ ಬರೆಯುವುದು ಅಸಿಟ್ರಾಮ್. ಆ ಬಗೆಯ ಮಾತ್ರೆಗಳಲ್ಲಿ ಇಲ್ಲಿ ರೂಢಿಯಲ್ಲಿರುವುದು ವಾರ್ಫರಿನ್. ಎರಡೂ ಒಂದೇ ಜಾತಿಯ ಔಷಧಗಳಾದರೂ ಮಿಲಿಗ್ರಾಂ ಲೆಕ್ಕ ಒಂದೇ ಅಲ್ಲವಾದ್ದರಿಂದ, ಒಂದರ ಬದಲಿಗೆ ಇನ್ನೊಂದನ್ನು ತಾವೇ ನುಂಗಬಾರದು. ತಂದ ಮಾತ್ರೆ ಮುಗಿಯುವವರೆಗೆ ಕಾಯದೆ, ಬಂದ ಮೊದಲ ವಾರದಲ್ಲೇ ಮನೆಯ ಸಮೀಪದ ಜಿಪಿ ಸರ್ಜರಿಯಲ್ಲಿ, ಅಂದರೆ ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲಿ, ಹೆಸರು ನೋಂದಾಯಿಸಿ, ಊರಿನ ಡಿಸ್ಚಾರ್ಜ್ ಸಮ್ಮರಿಯನ್ನೂ ಹಿಂದಿನ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ; ಏರಿದಷ್ಟೂ ನಿಧಾನ) ವರದಿಗಳನ್ನೂ ಅವರ ಮುಂದಿಡಬೇಕು.

ವಾರ್ಫರಿನ್ ಆರಂಭಿಸಿದವರಿಗೆ ಹಳದಿ ಬಣ್ಣದ ಪುಸ್ತಕವೊಂದನ್ನೂ ಪರ್ಸಿನಲ್ಲಿ ಇಟ್ಟುಕೊಳ್ಳಲು ಎಚ್ಚರಿಕೆಯ ಕಾರ್ಡೊಂದನ್ನೂ ಕೊಡುವುದು ಇಲ್ಲಿನ ಪದ್ಧತಿ. ಮಾತ್ರೆಯ ಪ್ರಮಾಣ ಬಣ್ಣದಿಂದಲೇ ತಿಳಿಯುತ್ತದೆ: ಅರ್ಧ ಮಿಲಿಗ್ರಾಂ ಬಿಳಿ, 1 ಮಿಲಿಗ್ರಾಂ ಕಂದು, 3 ನೀಲಿ, 5 ಗುಲಾಬಿ. ಸಾಮಾನ್ಯವಾಗಿ ಸಂಜೆ ಆರರ ಸುಮಾರಿಗೆ ನುಂಗಲು ಹೇಳುತ್ತಾರೆ. ಹಗಲಿನ ರಕ್ತಪರೀಕ್ಷೆಯ ಫಲ ನೋಡಿ ಅಂದಿನ ಪ್ರಮಾಣವನ್ನೇ ತಿದ್ದಲು ಇದರಿಂದ ಅನುಕೂಲ. ಮಾತ್ರೆ ಸೇವಿಸದವರ ಐಎನ್‌ಆರ್ ಸುಮಾರು 1 ಇರುತ್ತದೆ. ಹೆಚ್ಚಿನ ರೋಗಿಗಳಲ್ಲಿ ಅದನ್ನು 2ರಿಂದ 3ರ ನಡುವೆ ನಿಲ್ಲಿಸುತ್ತಾರೆ, ಕೃತಕ ಕವಾಟದ ಕೆಲವರಿಗೆ ಇನ್ನೂ ಸ್ವಲ್ಪ ಮೇಲೆ. ಮೊದಮೊದಲು ಪದೇಪದೇ ಪರೀಕ್ಷೆ. ಸ್ಥಿರವಾದ ಮೇಲೆ 12 ವಾರಗಳವರೆಗೂ ಅಂತರವಿರಬಹುದು.

ಕುಡಿತದ ಬಗ್ಗೆ ಇಲ್ಲಿನ ನರ್ಸು ನೇರವಾಗಿ ಕೇಳುತ್ತಾರೆ, ಅದೂ ಯೂನಿಟ್ಟುಗಳಲ್ಲಿ. ಮದುವೆಯಿರಲಿ, ಪುತ್ತರಿಯಿರಲಿ, ಗ್ಲಾಸು ಮುಂದಿಡುವುದೇ ಆತಿಥ್ಯವೆಂದು ತಿಳಿದ ನಾಡಿನವರಾದ ನಮಗೆ ಈ ಪ್ರಶ್ನೆ ಮುಜುಗರ ತರಬಹುದು, ಆದರೆ ಅದರಲ್ಲಿ ಆಕ್ಷೇಪಣೆಯಿಲ್ಲ. ಔಷಧದ ಪ್ರಮಾಣ ಆ ಉತ್ತರದ ಮೇಲೆಯೇ ನಿಂತಿದೆ. ಒಂದು ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಮದ್ಯಸಾರ. ನಮ್ಮ 60 ಮಿಲಿಲೀಟರಿನ ಲಾರ್ಜ್ ಪೆಗ್ ವಿಸ್ಕಿಯಲ್ಲಿ ಎರಡೂವರೆ ಯೂನಿಟ್, 180ರ ಕ್ವಾರ್ಟರಿನಲ್ಲಿ ಏಳೂವರೆಗೂ ಮೇಲೆ. ವಾರಕ್ಕೆ 14 ಯೂನಿಟ್ ಮೀರಬಾರದೆಂಬುದು ಇಲ್ಲಿನ ಸಲಹೆ; ಎರಡೇ ಕ್ವಾರ್ಟರಿಗೆ ಅದು ದಾಟಿಹೋಗುತ್ತದೆ. ಊರಿನಿಂದ ಬಂದ ಮನೆಯ ವೈನಿನ ಬಾಟಲಿಯ ಮೇಲೆ ಶೇಕಡಾ ಎಷ್ಟೆಂದು ಬರೆದಿರುವುದಿಲ್ಲವಾದ್ದರಿಂದ ಅದನ್ನು ಲೆಕ್ಕ ಹಾಕಲಾಗದು, ಹಾಗಾಗಿ ಈ ಮಾತ್ರೆಯವರು ಅದನ್ನು ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ವಾರ್ಫರಿನ್ನನ್ನು ಕರಗಿಸುವುದು ಲಿವರ್. ಒಂದೇ ರಾತ್ರಿ ವಿಪರೀತ ಕುಡಿದರೆ ಮಾತ್ರೆ ಕರಗದೆ ಉಳಿದು ಐಎನ್‌ಆರ್ ಏರುತ್ತದೆ. ವರ್ಷಗಟ್ಟಲೆ ದಿನವೂ ಕುಡಿಯುವವರಲ್ಲಿ ಅದು ಬೇಗ ಕರಗಿ ಐಎನ್‌ಆರ್ ಇಳಿಯಲೂಬಹುದು. ಅತಿಯಾದ ಮದ್ಯ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನೂ ಕುಗ್ಗಿಸುತ್ತದೆ. ಆದ್ದರಿಂದ ಕುಡಿತ ಬಿಟ್ಟಿದ್ದರೂ ಐಎನ್‌ಆರ್ ನೋಡುವ ಕ್ಲಿನಿಕ್ಕಿಗೆ ತಿಳಿಸಬೇಕು, ಮತ್ತೆ ಹಿಡಿದಿದ್ದರೂ ತಿಳಿಸಬೇಕು.

ನಮ್ಮ ತಂದೆ ಸೋಮವಾರಪೇಟೆಯಿಂದ ನಮ್ಮಲ್ಲಿಗೆ ಬಂದಿದ್ದಾಗ, ಮಂಡಿನೋವಿಗೆಂದು ಊರಿನ ಮೆಡಿಕಲ್ಸಿನಲ್ಲಿ ಚೀಟಿಯಿಲ್ಲದೆ ಕೊಂಡಿದ್ದ ಡೈಕ್ಲೋಫೆನಾಕ್ ಪಟ್ಟಿಯನ್ನು ಕೋಟಿನ ಒಳಜೇಬಿನಲ್ಲಿಟ್ಟು ತಂದಿದ್ದರು. ಸ್ನೇಹಿತರ ಮನೆಯ ಊಟದಲ್ಲಿ ಎರಡು ಪೆಗ್, ಮಲಗುವ ಮುಂಚೆ ಆ ಮಾತ್ರೆ, ಮೇಲೆ ಎಂದಿನ ಅಸಿಟ್ರಾಮ್. ಮಲ ಟಾರಿನಂತೆ ಕಪ್ಪಾದುದನ್ನು ಸಂಕೋಚದಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಅದು ಹೊಟ್ಟೆಯೊಳಗಿನ ರಕ್ತಸ್ರಾವವಾಗಿತ್ತು. ಸಕಾಲದಲ್ಲಿ ಆಸ್ಪತ್ರೆ ಸೇರಿದ್ದರಿಂದ ಉಳಿದರು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದನ್ನೂ ವೈದ್ಯರನ್ನು ಕೇಳದೆ ಈ ಮಾತ್ರೆಯ ಜೊತೆ ಸೇರಿಸಬಾರದು. ಇಲ್ಲಿನ ಔಷಧಾಲಯದ ಫಾರ್ಮಸಿಸ್ಟರು ಮುಂಗಡ ಸಮಯ ಕೇಳದೆ, ಶುಲ್ಕವಿಲ್ಲದೆ ಸಲಹೆ ಕೊಡುತ್ತಾರೆ. ಕೌಂಟರಿನಲ್ಲಿ ಹಳದಿ ಪುಸ್ತಕ ತೋರಿಸಿದರೆ ಸಾಕು.

ಮೆಟ್ರೊನಿಡಜೋಲ್‌ನಂತಹ ಆಂಟಿಬಯಾಟಿಕ್ ಐಎನ್‌ಆರ್ ಏರಿಸುತ್ತದೆ. ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಅದನ್ನು ಇಳಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಆಟಿಯ ಮದ್ದುಸೊಪ್ಪಿನ ಪಾಯಸವನ್ನೂ ಕ್ಲಿನಿಕ್ಕಿನಲ್ಲಿ ಮುಚ್ಚಿಡದೆ ಹೇಳಿ.

ಖರ್ಚಿನ ಮಾತು ಚಿಕ್ಕದು. ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಿಂದ ಚೀಟಿಯ ಪ್ರತಿ ಔಷಧಕ್ಕೆ 9 ಪೌಂಡ್ 90 ಪೆನ್ಸ್, 60 ದಾಟಿದವರಿಗೆ ಉಚಿತ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಲ್ಲರಿಗೂ ಉಚಿತ. ಸಂದರ್ಶಕರ ವೀಸಾದಲ್ಲಿ ಬರುವ ತಂದೆತಾಯಿಗೆ ತುರ್ತು ವಿಭಾಗದ ಆರೈಕೆ ಉಚಿತವಾದರೂ ದಾಖಲಾದ ಮೇಲೆ ಬಿಲ್ಲು ಬರುತ್ತದೆ, ಆದ್ದರಿಂದ ಹಳೆಯ ಕಾಯಿಲೆಯನ್ನೂ ಒಳಗೊಳ್ಳುವ ವಿಮೆ ಮಾಡಿಸಿಯೇ ಕರೆತರಬೇಕು.

ಹತ್ತು ನಿಮಿಷ ಮೀರಿ ಮೂಗಿನಿಂದ ರಕ್ತ ಸುರಿದರೆ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ಅಥವಾ ತಲೆಗೆ ಪೆಟ್ಟಾಗಿ ನೋವೇ ಇಲ್ಲದಿದ್ದರೂ ತುರ್ತು ವಿಭಾಗಕ್ಕೆ ಹೋಗಬೇಕು, ಇಲ್ಲವೇ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕು. ಅನುಮಾನವಷ್ಟೇ ಇದ್ದರೆ ಹಗಲುರಾತ್ರಿ ವೈದ್ಯಕೀಯ ಸಲಹೆ ಕೊಡುವ 111 ಸಂಖ್ಯೆ ಇದೆ. ಕರೆ ತೆಗೆದವರಿಗೆ ಮೊದಲ ವಾಕ್ಯದಲ್ಲೇ ರಕ್ತ ತೆಳುವಾಗುವ ಮಾತ್ರೆಯ ಹೆಸರನ್ನೂ, ಎರಡನೆಯದರಲ್ಲಿ ಹಿಂದಿನ ರಾತ್ರಿ ಎಷ್ಟು ಕುಡಿದಿದ್ದರೆಂಬುದನ್ನೂ ಹೇಳಿ.