ದೊಣ್ಣೆ ಮೆಣಸಿನಕಾಯಿಗೆ ತಿಪ್ಪೆಗೊಬ್ಬರ ಮತ್ತು ರಸಗೊಬ್ಬರ: ಯಾವುದು ಯಾವಾಗ, ಎಷ್ಟು?

ಕೊಪ್ಪಳ, ಕುಷ್ಟಗಿ ಕಡೆಯ ನೆರಳು ಪರದೆಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಾಟಿಯಾದ ಎರಡು ವಾರಕ್ಕೆ ಸಸಿಯ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಯೂರಿಯಾ ಸಾಲಲಿಲ್ಲವೆಂದು ರೈತರು ಬುಡಕ್ಕೆ ಇನ್ನೊಂದು ಹಿಡಿ ಸುರಿಯುತ್ತಾರೆ. ಬುಡದ ಮಣ್ಣು ಬಗೆದರೆ ಜೋಳದ ದಂಟಿನ ಚೂರುಗಳು ಹಾಗೆಯೇ ಉಳಿದಿರುವ ಅರೆಬರೆ ಕಳಿತ ಗೊಬ್ಬರ ಸಿಗುತ್ತದೆ. ಆ ದಂಟನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಾವೇ ಹೀರಿಕೊಳ್ಳುವುದರಿಂದ ಸಸಿಗೆ ಉಳಿಯುವುದು ಕಡಿಮೆ.

ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ನಾಟಿಗೆ ಎರಡು ತಿಂಗಳು ಮೊದಲೇ ಗೊಬ್ಬರ ಕಳಿಯಿಸಲು ತೊಡಗಬೇಕು. ಎಕರೆಗೆ ಬೇಕಾಗುವ 8ರಿಂದ 10 ಟನ್ ತಿಪ್ಪೆಗೊಬ್ಬರವನ್ನು ನೆರಳಿನಲ್ಲಿ ರಾಶಿ ಹಾಕಿ, ಪದರ ಪದರಕ್ಕೂ ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟ್ ಉದುರಿಸಿ, ನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. ಸುಣ್ಣದ ಅಂಶ ಹೆಚ್ಚಿರುವ ನಮ್ಮ ಎರೆಭೂಮಿಯಲ್ಲಿ ರಂಜಕವನ್ನು ನೇರವಾಗಿ ಹಾಕಿದರೆ ಬಹುಪಾಲು ಮಣ್ಣಿಗೇ ಅಂಟಿಕೊಂಡು ಬೇರಿಗೆ ದಕ್ಕುವುದಿಲ್ಲ. ಗೊಬ್ಬರದೊಂದಿಗೆ ಬೆರೆತಾಗ ಆ ನಷ್ಟ ತಗ್ಗುತ್ತದೆ. ಸಾರಜನಕ, ರಂಜಕ ಎರಡೂ ಇರುವ ಡಿಎಪಿಗಿಂತ ಸೂಪರ್ ಫಾಸ್ಫೇಟನ್ನೇ ನಾನು ಒತ್ತಿ ಹೇಳುವುದಕ್ಕೆ ಕಾರಣ, ಅದರಲ್ಲಿ ಗಂಧಕವೂ ಕ್ಯಾಲ್ಸಿಯಂ ಕೂಡ ಇವೆ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಾಗ ಬಿಸಿ ತಾಗಬಾರದು. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಆದರೆ ನೀರು ಒಸರಬಾರದು. ಮೂಗಿಗೆ ಹಿಡಿದರೆ ಸಗಣಿಯ ವಾಸನೆಯಿಲ್ಲದೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಬಿಸಿಯಿದ್ದರೆ ನಾಟಿಯನ್ನೇ ಮುಂದೂಡಿ. ಹಸಿ ಗೊಬ್ಬರ ಗೊಣ್ಣೆಹುಳುವಿಗೂ ದಾರಿ ಮಾಡುತ್ತದೆ. ಹೊಲದಲ್ಲಿ ಕುರಿ ತರುಬಿಸಿದ್ದರೆ ತಿಪ್ಪೆಗೊಬ್ಬರವನ್ನು ಅರ್ಧಕ್ಕೆ ಇಳಿಸಬಹುದು.

ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಈ ರಾಶಿಗೆ ಬೆರೆಸಬೇಡಿ. ರಸಗೊಬ್ಬರ ಸೇರದ, ಚೆನ್ನಾಗಿ ಕಳಿತ 100 ಕಿಲೋ ಗೊಬ್ಬರಕ್ಕೆ 2 ಕಿಲೋ ಬೆರೆಸಿ, ಬೇವಿನ ಹಿಂಡಿಯನ್ನೂ ಕೂಡಿಸಿ, ಒದ್ದೆ ಗೋಣಿಚೀಲ ಹೊದಿಸಿ, ಹತ್ತು ಹದಿನೈದು ದಿನ ನೆರಳಿನಲ್ಲಿಟ್ಟು, ನಾಟಿಯ ಹೊತ್ತಿಗೆ ಸಾಲಿಗೆ ಕೊಡಿ. ಇಷ್ಟೆಲ್ಲ ಏಕೆಂದು ಅಂಗಡಿಯ ‘ಸಾವಯವ ಹರಳು ಗೊಬ್ಬರ’ ತರುವವರಿದ್ದಾರೆ. ನಾನೊಮ್ಮೆ ತಂದ ಚೀಲದ ಹರಳನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿಯಿಡೀ ಬಿಟ್ಟಾಗ, ಬೆಳಿಗ್ಗೆ ತಳದಲ್ಲಿ ಕಂಡದ್ದು ಬರೀ ಜೇಡಿಮಣ್ಣು. ಕೊಳ್ಳುವ ಮೊದಲು ನೀವೂ ಹಾಗೆ ಪರೀಕ್ಷಿಸಿ.

ರಾಶಿಯ ಕಳಿತ ಗೊಬ್ಬರವನ್ನು ಮಣ್ಣಿಗೆ ಬೆರೆಸಿ ಮಡಿ ಮಾಡಿ, 35ರಿಂದ 40 ದಿನದ ಸಸಿ ನೆಡಿ.

ಮೇಲುಗೊಬ್ಬರದ ಲೆಕ್ಕ ಹೀಗೆ. ಒಂದು ಟನ್ ತಿಪ್ಪೆಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕ ಇರುತ್ತದೆ, 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ. ಆದರೆ ತಿಪ್ಪೆಗೊಬ್ಬರದ ಸಾರಜನಕದಲ್ಲಿ ಒಂದು ಪಾಲು ಮಾತ್ರ ಮೊದಲ ಬೆಳೆಗೆ ಸಿಗುವುದರಿಂದ ಯೂರಿಯಾವನ್ನು ಪೂರ್ತಿ ಬಿಡಲಾಗದು. ಮಣ್ಣು ಪರೀಕ್ಷೆ ಹೇಳಿದ ಪ್ರಮಾಣವನ್ನು ನಾಟಿಯಾದ ಮೂರನೆಯ ವಾರದಿಂದ ಕಂತುಗಳಲ್ಲಿ, ಕಾಂಡದಿಂದ ನಾಲ್ಕು ಬೆರಳು ದೂರ ಕೊಟ್ಟು ಮಣ್ಣು ಮುಚ್ಚಿ. ನಮ್ಮ ಬಿಸಿಲಿಗೆ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಹೆಚ್ಚಾದರೆ ಎಲೆ ಕಡುಹಸಿರಾಗಿ ಹೂವು ಉದುರುತ್ತದೆ, ರಸ ಹೀರುವ ಥ್ರಿಪ್ಸ್ ಮತ್ತು ನುಸಿ ಸೇರಿ ಎಲೆ ಮುಟುರುತ್ತದೆ. ಕಾರಟಗಿ, ಸಿಂಧನೂರು ಕಡೆಯ ಸವಳು ಭೂಮಿಯಲ್ಲಿ ಕ್ಲೋರೈಡ್ ಇರುವ ಮ್ಯೂರಿಯೇಟ್ ಪೊಟ್ಯಾಷ್ ಬೇಡ, ಸಲ್ಫೇಟ್ ಪೊಟ್ಯಾಷ್ ಹಾಕಿ. ಹನಿ ನೀರಾವರಿಯವರು ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಗೊಬ್ಬರದೊಂದಿಗೆ ಒಂದೇ ತೊಟ್ಟಿಯಲ್ಲಿ ಕಲಸಿದರೆ ಬಿಳಿ ಗಸಿ ಕಟ್ಟಿ ಡ್ರಿಪ್ಪರ್‌ಗಳು ಮುಚ್ಚಿಹೋಗುತ್ತವೆ. ಬೇರೆ ಬೇರೆ ದಿನ ಬಿಡಿ.

ಕಾಯಿಯ ತುದಿ ಕಂದಿ ಒಳಕ್ಕೆ ಕುಸಿದರೆ ಶಿಲೀಂಧ್ರನಾಶಕ ಹೊಡೆಯಬೇಡಿ. ಅದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗುವ ಕೊರತೆ. ಆ ಕಾಯಿಗಳನ್ನು ಕಿತ್ತು, ಯೂರಿಯಾ ನಿಲ್ಲಿಸಿ, ಕ್ಯಾಲ್ಸಿಯಂ ನೈಟ್ರೇಟ್ ಕೊಡಿ. ಒಂದು ದಿನ ಒಣಗಿಸಿ ಮರುದಿನ ತುಂಬಿಸದೆ ದಿನವೂ ಸಮವಾಗಿ ನೀರು ಬಿಡಿ.